ಮಾನ್ವಿಯಿಂದ ತಂದ ಹೆಪ್ಪು

ಹೋದ ವಾರ ಮಾನ್ವಿಯ ಒಂದು ಪ್ರೆಸ್ಸಿನಲ್ಲಿ ಕಂಟ್ರೋಲರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಒಳಗಿಂದ ಆ ವಾಸನೆ ಬಂತು. ಬಿಸಿಯಾದ ಧೂಳು, ಅದರ ಜೊತೆ ಸಣ್ಣಗೆ ಸೀದ ಹತ್ತಿ. ಊದಿನಕಡ್ಡಿಯ ವಾಸನೆ ಬಂದರೆ ಕೆಲವರಿಗೆ ಗುಡಿ ನೆನಪಾಗುತ್ತದಂತೆ. ನನಗೆ ಈ ವಾಸನೆ ಬಂದರೆ ಒಂದು ಎಳ್ಳಮವಾಸ್ಯೆ ನೆನಪಾಗುತ್ತದೆ. ಅದಾಗಿ ಏಳೆಂಟು ವರ್ಷವಾಗಿರಬೇಕು. ಆ ಹಂಗಾಮಿನಲ್ಲಿ ನಾನು ಕೈಯಾರೆ ಒಂದು ಮಷಿನ್ನನ್ನು ಮಲಗಿಸಿದೆ, ಕೈಯಾರೆ ಎಬ್ಬಿಸಿದೆ. ಎರಡನ್ನೂ ಹೇಳುತ್ತೇನೆ. ಎಬ್ಬಿಸಿದ್ದನ್ನಷ್ಟೇ ಹೇಳಿದರೆ ಅದು ಜಂಬವಾಗುತ್ತದೆ.

ನನ್ನ ಹೆಸರು ಹುಲಿಗೆಮ್ಮ. ಊರು ದೇವದುರ್ಗ. ಅವ್ವ ಕೂಲಿಗೆ ಹೋಗುವಾಕೆ. ಕಳೆ, ನಾಟಿ, ಹತ್ತಿ, ಮೆಣಸಿನಕಾಯಿ, ಯಾವ ಹಂಗಾಮಿಗೆ ಯಾವ ಕೆಲಸವೋ ಅದು. ನಾನು ಊರಿನ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ರಾಯಚೂರಿನ ಐಟಿಐನಲ್ಲಿ ಕಂಪ್ಯೂಟರ್ ಕಲಿತು, ಅಲ್ಲೇ ಬಸಣ್ಣನವರ ಪ್ರೆಸ್ಸಿಗೆ ಲಗ್ನಪತ್ರಿಕೆ ಟೈಪು ಮಾಡಲು ಸೇರಿದೆ. ಹತ್ತಿ ಮಿಲ್ಲುಗಳ ಸಾಲಿನ ಹಿಂದೆ ಆ ಪ್ರೆಸ್ಸು. ಬಣ್ಣದ ಮಷಿನ್ ನಡೆಸುತ್ತಿದ್ದವನು ಒಂದು ದಿನ ಹೈದರಾಬಾದಿಗೆ ಹೋಗಿಬಿಟ್ಟ. "ಹೊಸಬರು ಸಿಗೂತನ ನೀನೇ ನೋಡ್ಕೋ" ಎಂದರು ಬಸಣ್ಣ. ಹೊಸಬರು ಸಿಗಲಿಲ್ಲ. ಸಿಗಲು ನಾನೂ ಬಿಡಲಿಲ್ಲ ಅನ್ನಿ.

ಮಷಿನ್ ಎಂದರೆ ಡಿಜಿಟಲ್ ಪ್ರಿಂಟಿಂಗ್ ಮಷಿನ್, ಎತ್ತಿನ ಬಂಡಿಯಷ್ಟು ಉದ್ದ. ಬಂದವರೆಲ್ಲ ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಪಕ್ಕದಲ್ಲಿ ಸೊಂಟದೆತ್ತರದ ಒಂದು ಕಪ್ಪು ತಗಡಿನ ಡಬ್ಬಿ ನಿಂತಿರುತ್ತದೆ, ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಯಜಮಾನಿಕೆಯೆಲ್ಲ ಅದರದೇ. ನಾವು ಕಂಪ್ಯೂಟರಿನಲ್ಲಿ ಮಾಡಿದ ಪುಟವನ್ನು ತೆಗೆದುಕೊಂಡು, ಹಾಳೆಯ ಮೇಲೆ ಎಲ್ಲಿ ಯಾವ ಬಣ್ಣದ ಚುಕ್ಕೆ ಬೀಳಬೇಕೆಂದು ಮಷಿನ್ನಿಗೆ ಹೇಳುವುದು ಅದೇ. ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಅಂಗೈಯಗಲದ ಒಂದು ಹಾರ್ಡ್ ಡಿಸ್ಕ್. ಡಬ್ಬಿಯನ್ನು ಎಬ್ಬಿಸುವ ಸಾಫ್ಟ್‌ವೇರು, ನಮ್ಮ ಕನ್ನಡ ಅಕ್ಷರಗಳು, ವರ್ಷಗಟ್ಟಲೆ ತಿದ್ದಿ ತೀಡಿ ಕೂಡಿಸಿದ ಬಣ್ಣದ ಹದ, ಹಳೆಯ ಕೆಲಸಗಳು, ಎಲ್ಲವೂ ಅದರಲ್ಲಿ. ಆ ಡಿಸ್ಕ್ ಹೋಯಿತೆಂದರೆ ಬಂಡಿಯಷ್ಟು ಉದ್ದದ ಮಷಿನ್ ಬರೀ ಕಬ್ಬಿಣ.

ಹತ್ತಿ ಹಂಗಾಮು ಶುರುವಾದರೆ ನಮ್ಮ ಬೀದಿಯ ಗಾಳಿಯೇ ಬೆಳ್ಳಗಾಗುತ್ತದೆ. ಕಿಟಕಿಯ ಸರಳಿಗೆ, ಹುಬ್ಬಿಗೆ, ಚಹಾದ ಕಪ್ಪಿಗೆ, ಎಲ್ಲದಕ್ಕೂ ಎಳೆ ಎಳೆ ಹತ್ತಿ. ಡಬ್ಬಿಯ ಫ್ಯಾನು ಅದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಎರಡು ವಾರ ಫ್ಯಾನಿನ ಜಾಳಿಗೆ ಕೊಡವದೆ ಬಿಟ್ಟರೆ ಒಂದು ತಲೆದಿಂಬಿಗಾಗುವಷ್ಟು ಸಿಗುತ್ತಿತ್ತು. ಇದರ ಮೇಲೆ ಕರೆಂಟಿನ ಕಾಟ. ಕರೆಂಟು ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ, ಆದರೆ ಗಂಡನ ಮನೆಗೆ ಕೊಟ್ಟ ಮಗಳಂತೆ ತವರಿಗೆ ಬಂದ ಹಾಗೆ ಮಾಡಿ ಹೊರಟುಬಿಡುತ್ತದೆ. ಆ ವರ್ಷ ದೀಪಾವಳಿ ಮುಗಿದ ಮೇಲೆ ಡಿಸ್ಕ್ ಸದ್ದು ಮಾಡಲು ಶುರುಮಾಡಿತು. ಟಿಕ್, ಟಿಕ್, ಆಮೇಲೆ ಉಸಿರು ಹಿಡಿದಂತೆ ಸುಮ್ಮನಾಗುವುದು, ಮತ್ತೆ ಟಿಕ್. ಐದು ನಿಮಿಷದಲ್ಲಿ ಏಳುತ್ತಿದ್ದ ಡಬ್ಬಿ ಇಪ್ಪತ್ತು ನಿಮಿಷ ತೆಗೆದುಕೊಳ್ಳತೊಡಗಿತು.

"ಅಣ್ಣಾರ, ಡಿಸ್ಕ್ ಹೋಗಾಕತ್ತದ" ಎಂದೆ ಬಸಣ್ಣನವರಿಗೆ.

"ನಡೀತದಲ್ಲ?"

"ನಡೀತದರಿ. ಆದ್ರ ಸದ್ದು ಮಾಡಾಕತ್ತದ."

"ಸದ್ದು ಮಾಡ್ತದಂದ್ರ ಜೀವ ಅದ ಅಂತ ಅರ್ಥ. ನಡಿಯೂತನ ನಡೀಲಿ ಬಿಡು."

ಬಸಣ್ಣ ಕೆಟ್ಟವರಲ್ಲ. ನಡೆಯುತ್ತಿರುವುದನ್ನು ಬಿಚ್ಚಬಾರದು ಎನ್ನುವ ಜಾತಿ. ನಾನು ಬಿಡಲಿಲ್ಲ, ಕಂಪನಿಯ ಇಂಜಿನಿಯರಿಗೆ ಫೋನು ಮಾಡಿಸಿದೆ. ಆತ ಹೇಳಿದ್ದು ಇಷ್ಟು: ಈ ಮಾದರಿ ನಿಂತುಹೋಗಿದೆ, ಇದರ ಸಾಫ್ಟ್‌ವೇರಿನ ಸಿಡಿ ಈಗ ಎಲ್ಲೂ ಸಿಗುವುದಿಲ್ಲ, ಡಿಸ್ಕ್ ಹೋದರೆ ಇಡೀ ಕಂಟ್ರೋಲರ್ ಹೊಸದು ಹಾಕಿಸಬೇಕು. ಅದರ ಬೆಲೆ ಕೇಳಿ ಬಸಣ್ಣ ನಕ್ಕು ಫೋನಿಟ್ಟರು. "ಅದು ಹೋದ ದಿನ ಈ ಮಷಿನ್ ಗುಜರಿಗೆ ತೂಕಕ್ಕ ಹಾಕ್ತೀನಿ ನೋಡು" ಎಂದರು. ಬಾಯಿ ನಗುತ್ತಿತ್ತು, ಮುಖ ನಗುತ್ತಿರಲಿಲ್ಲ. ಮಷಿನ್ ತೂಕಕ್ಕೆ ಹೋದರೆ ನಾನೂ ಹೋದ ಹಾಗೆಯೇ. ನನ್ನ ಹಳೆಯ ಟೈಪಿನ ಕುರ್ಚಿಯಲ್ಲಿ ಆಗಲೇ ಬೇರೆ ಹುಡುಗಿ ಕೂತಿದ್ದಳು. ದೇವದುರ್ಗಕ್ಕೆ ಹಿಂದಿರುಗಿ ಅವ್ವನ ಜೊತೆ ಹತ್ತಿ ಬಿಡಿಸುವುದೊಂದೇ ಉಳಿಯುತ್ತಿತ್ತು. ಆ ಕೆಲಸ ನನಗೆ ಗೊತ್ತು, ಆದ್ದರಿಂದಲೇ ಬೇಡವಾಗಿತ್ತು.

ನಾನು ಹುಡುಕಿದ ದಾರಿ ಕ್ಲೋನ್. ಒಂದು ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ಇಳಿಸುವುದು. ಆ ಎರಡನೆಯದನ್ನು ಡಬ್ಬಿಯಲ್ಲಿ ಹಾಕಿದರೆ ಡಬ್ಬಿಗೆ ಬೇರೆಯದೆಂದು ಗೊತ್ತೇ ಆಗುವುದಿಲ್ಲ. ಟೈಪಿನ ಕೋಣೆಯ ಹಳೆಯ ಕಂಪ್ಯೂಟರುಗಳ ಡಿಸ್ಕ್ ಬಿಚ್ಚಿ ವಾರಗಟ್ಟಲೆ ಕೈ ಪಳಗಿಸಿಕೊಂಡೆ. ದಿನಾ ತಲೆ ತಿಂದು ತಿಂದು ಬಸಣ್ಣನವರನ್ನು ಒಪ್ಪಿಸಿದೆ. ಅಳತೆಗೆ ಸರಿಯಾದ ಎರಡು ಬಳಸಿದ ಡಿಸ್ಕ್‌ಗಳು ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಸಿಕ್ಕವು. ಕ್ಲೋನ್ ಮಾಡುವ, ಡಾಕ್ ಎಂಬ ಎರಡು ಖಾನೆಯ ಪೆಟ್ಟಿಗೆಯೊಂದನ್ನು ಹೈದರಾಬಾದಿನಿಂದ ತರಿಸಿದೆವು. ಅದಕ್ಕೆ ಪರದೆಯಿಲ್ಲ, ಒಂದು ಗುಂಡಿ ಅಷ್ಟೇ. ಎ ಖಾನೆಯಲ್ಲಿದ್ದದ್ದು ಬಿ ಖಾನೆಗೆ ಹೋಗುತ್ತದೆ. ಬಿ ಖಾನೆಯಲ್ಲಿ ಮೊದಲು ಏನಿತ್ತೋ ಅದು ಅಳಿಸಿಹೋಗುತ್ತದೆ.

ಮಷಿನ್ನಿಗೆ ಬಿಡುವು ಸಿಗಬೇಕಿತ್ತಲ್ಲ. ಅದೇ ಹೊತ್ತಿಗೆ ದೇವದುರ್ಗ ತಾಲೂಕಿನ ನಾಲ್ಕಾರು ಮಾಸ್ತರುಗಳು ಸೇರಿ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಅಭ್ಯಾಸದ ಪುಸ್ತಕ ಮಾಡಿಸಲು ಕೊಟ್ಟಿದ್ದರು. ಹತ್ತಿ ಬಿಡಿಸಲು ಹೋಗಿ ಪಾಠ ತಪ್ಪಿಸಿಕೊಂಡವರಿಗೆಂದೇ ಮಾಡಿದ ಪುಸ್ತಕ, ನಕಾಶೆ, ಚಿತ್ರ ಎಲ್ಲ ಬಣ್ಣದ್ದು. ಸಂಕ್ರಾಂತಿಗೆ ಮುಂಚೆ ಕೊಡಬೇಕು. ಮಷಿನ್ ದಿನಾ ಓಡುತ್ತಿತ್ತು, ಡಿಸ್ಕ್ ದಿನಾ ಟಿಕ್ ಎನ್ನುತ್ತಿತ್ತು. ಎಳ್ಳಮವಾಸ್ಯೆ ಒಂದೇ ದಾರಿ. ಆವತ್ತು ಹೊಲ ಇದ್ದವರು, ಹೊಲ ಇದ್ದವರ ನೆಂಟರು, ನೆಂಟರ ನೆರೆಯವರು, ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮಷಿನ್ ದಿನಪೂರ್ತಿ ಖಾಲಿ.

ಬೆಳಿಗ್ಗೆ ಚಳಿ ಇನ್ನೂ ಬಿಟ್ಟಿರಲಿಲ್ಲ. ನಾನು ಡಬ್ಬಿ ಬಿಚ್ಚಿ ಡಿಸ್ಕ್ ಹೊರಗೆ ತೆಗೆದು, ಕೊಂಡು ತಂದ ಎರಡರಲ್ಲಿ ಒಂದರ ಪಕ್ಕದಲ್ಲಿ ಮೇಜಿನ ಮೇಲಿಟ್ಟೆ. ಎರಡೂ ಒಂದೇ ಕಂಪನಿಯವು, ಒಂದೇ ಬಗೆಯ ಚೀಟಿ, ಅವಳಿ ಮಕ್ಕಳ ಹಾಗೆ. ಗುರುತು ಹಾಕಬೇಕೆಂದು ಪೆನ್ನು ಹುಡುಕಿದರೆ ಅದು ಒಣಗಿತ್ತು. ಅಷ್ಟರಲ್ಲಿ ಬಸಣ್ಣನವರ ತಾಯಿ ಅಮರಮ್ಮ ಪೂಜೆಯ ತಟ್ಟೆ ಹಿಡಿದು ಬಂದರು. ಅಮವಾಸ್ಯೆಗೊಮ್ಮೆ ಮಷಿನ್ನಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವುದು ಅವರ ರೂಢಿ. ನಾನು ತಟ್ಟೆಯಿಂದ ಒಂದು ಚಿಟಿಕೆ ತೆಗೆದು ನಮ್ಮ ಹಳೆಯ ಡಿಸ್ಕಿಗೆ ಬೊಟ್ಟಿಟ್ಟೆ. ಕುಂಕುಮ ಇದ್ದದ್ದು ಅಸಲಿ, ಇಲ್ಲದ್ದು ಖಾಲಿ. ಆಹಾ ಎಂಥ ಬುದ್ಧಿವಂತೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡು, ಅವರ ಬುತ್ತಿಯ ಬುಟ್ಟಿಗಳನ್ನು ಆಟೋಗೆ ಏರಿಸಲು ಹೊರಗೆ ಹೋದೆ.

ತಿರುಗಿ ಬಂದಾಗ ಅಮರಮ್ಮ ಪೂಜೆ ಮುಗಿಸಿ ಹೋಗಿದ್ದರು. ಮೇಜಿನ ಮೇಲೆ ಮೊದಲು ಕಣ್ಣಿಗೆ ಬಿದ್ದ ಡಿಸ್ಕಿನ ಮೇಲೆ ಕುಂಕುಮ ಇತ್ತು. ಅದನ್ನು ಎ ಖಾನೆಗೆ ಹಾಕಿದೆ. ಉಳಿದದ್ದನ್ನು ನೋಡದೆಯೇ ಬಿ ಖಾನೆಗೆ ಹಾಕಿದೆ. ಗುಂಡಿ ಒತ್ತಿದೆ. ದೀಪ ಮಿನುಗಿತು. ಕುರ್ಚಿ ಎಳೆದುಕೊಂಡು ಕೂತು, ಅಮರಮ್ಮ ಕೊಟ್ಟುಹೋದ ಸಜ್ಜಿ ರೊಟ್ಟಿ ಮುರಿದೆ.

ಎರಡನೆಯ ತುತ್ತು ಬಾಯಲ್ಲಿದ್ದಾಗ ಸದ್ದು ಕೇಳಿಸಿತು. ಟಿಕ್, ಟಿಕ್. ಅದು ಬಿ ಖಾನೆಯಿಂದ ಬರುತ್ತಿತ್ತು. ಕೊಂಡು ತಂದ ಡಿಸ್ಕ್ ಟಿಕ್ ಎನ್ನಬಾರದು. ವೈರು ಕಿತ್ತು ಬಿ ಖಾನೆಯ ಡಿಸ್ಕ್ ಎತ್ತಿ ತಿರುಗಿಸಿ ನೋಡಿದರೆ ಅದರ ಮೇಲೂ ದುಂಡಗೆ, ಒಪ್ಪವಾಗಿ, ಕುಂಕುಮದ ಬೊಟ್ಟು. ಒಂದಕ್ಕೆ ಹಚ್ಚಿ ಇನ್ನೊಂದನ್ನು ಬೋಳು ಹಣೆಯಲ್ಲಿ ಬಿಡಲು ಅಮರಮ್ಮನಿಗೆ ಮನಸ್ಸಾಗಿರಲಿಲ್ಲ. ನಾನು ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಇಳಿಸಿಬಿಟ್ಟಿದ್ದೆ. ಪೂರ್ತಿಯಲ್ಲ, ನಾಲ್ಕೈದು ನಿಮಿಷದಷ್ಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ದೊಣ್ಣೆ ನಾನೇ ಆಗಿದ್ದೆ. ಡಿಸ್ಕನ್ನು ಡಬ್ಬಿಗೆ ಹಾಕಿ ಚಾಲೂ ಮಾಡಿದೆ. ಕಪ್ಪು ಪರದೆ, ಅದರ ಮೇಲೆ ಒಂದೇ ಒಂದು ಬಿಳಿ ಸಾಲು: ಡಿಸ್ಕಿನಲ್ಲಿ ಏನೂ ಇಲ್ಲ.

ಪ್ರೆಸ್ಸಿನಲ್ಲಿ ನನ್ನ ಬಿಟ್ಟರೆ ಇದ್ದವರು ಖಾಜಾ ಚಾಚಾ ಒಬ್ಬರೇ. ಆಫ್‌ಸೆಟ್ ಮಷಿನ್ ನಡೆಸುವ ಹಿರಿಯರು, ಬಸಣ್ಣನವರ ತಂದೆಯ ಕಾಲದಿಂದ ಇದ್ದವರು. ನಾನು ಅಳುವುದನ್ನು ನೋಡಿ ಹತ್ತಿರ ಬಂದರು. ನಡೆದದ್ದೆಲ್ಲ ಹೇಳಿದೆ.

"ಯಾರ್ ನೋಡ್ಯಾರ ಬೇಟಿ?" ಎಂದರು ಚಾಚಾ. "ಡಿಸ್ಕ್ ಖರಾಬ್ ಆಗಾಕತ್ತದ ಅಂತ ಎರಡು ತಿಂಗಳಿಂದ ನೀನೇ ಬಡಕೊಳ್ಳಾಕತ್ತಿದ್ದಿ. ಇವತ್ತು ಹೋತು ಅನ್ನು. ಖಲಾಸ್. ಉಲ್ಟಾ ನಿನಗೇ ಶಾಭಾಸ್ ಅಂತಾರ."

ಅವರು ಹೇಳಿದ್ದು ನಿಜ. ಯಾರೂ ಅನುಮಾನ ಪಡುತ್ತಿರಲಿಲ್ಲ. ನಾನು ಹೇಳಿದ ಹಾಗೆಯೇ ಆಯಿತೆಂದು ನನ್ನ ಮಾತಿಗೆ ಬೆಲೆಯೂ ಬರುತ್ತಿತ್ತು. ಆಸೆ ಆಗಲಿಲ್ಲವೆಂದರೆ ಸುಳ್ಳು. ಒಂದು ಕಪ್ಪು ಚಹಾ ಆರುವಷ್ಟು ಹೊತ್ತು ಆಸೆಯಲ್ಲೇ ಕೂತಿದ್ದೆ. ಆಮೇಲೆ ತಲೆ ಓಡಿತು. ಡಿಸ್ಕ್ ತಾನಾಗಿ ಸತ್ತಿತು ಎಂದರೆ ಅದರ ಕತೆ ಅಲ್ಲಿಗೆ ಮುಗಿಯಿತು, ಮಷಿನ್ ತೂಕಕ್ಕೆ. ನಾನು ಅಳಿಸಿದೆ ಎಂದರೆ ಎಷ್ಟು ಅಳಿಸಿದೆ, ಎಷ್ಟು ಉಳಿದಿದೆ ಎಂದು ಹುಡುಕಲು ದಾರಿ ಉಂಟು. ಸುಳ್ಳಿನಿಂದ ನನ್ನ ಮುಖ ಉಳಿಯುತ್ತಿತ್ತು, ಮಷಿನ್ ಉಳಿಯುತ್ತಿರಲಿಲ್ಲ.

ಆಟೋ ಹಿಡಿದು ಊರಾಚೆಗಿನ ಅವರ ಹೊಲಕ್ಕೆ ಹೋದೆ. ಜೋಳ ಎದೆಯುದ್ದ ನಿಂತಿತ್ತು. ಬನ್ನಿಮರದ ಕೆಳಗೆ ಎಲ್ಲರೂ ಸಾಲಾಗಿ ಉಣ್ಣಲು ಕೂತಿದ್ದರು. ಭಜ್ಜಿ ಪಲ್ಯ, ಕಡಬು, ಶೇಂಗಾ ಹೋಳಿಗೆ. ಅಮರಮ್ಮ ಬಡಿಸುತ್ತಿದ್ದರು. ನಾನು ಕೂರಲಿಲ್ಲ.

"ಅಣ್ಣಾರ, ಡಿಸ್ಕ್ ಹೋತು. ತಾನಾಗಿ ಹೋಗಿಲ್ಲ. ಎರಡು ಡಿಸ್ಕ್ ಅದಲು ಬದಲು ಹಾಕಿ ನಾನೇ ಅಳಿಸೀನಿ."

ಬಸಣ್ಣ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟರು. ಅಮರಮ್ಮನೇ ಬಾಯಿ ತೆರೆದರು.

"ಎರಡು ಡಿಸ್ಕ್ ಅಂದ್ರ ಮೇಜಿನ ಮ್ಯಾಲ ಇದ್ದವೇನು? ಎರಡಕ್ಕೂ ಕುಂಕುಮ ಹಚ್ಚೀನಲ್ಲ ನಾನು. ಮತ್ತ್ ಹೆಂಗ ಹೋತು?"

ಬಸಣ್ಣ ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ತಿಳಿದುಹೋಯಿತು. "ಕುಂಕುಮದಿಂದ ಆತೇನು?" ಎಂದು ನನ್ನನ್ನು ಕೇಳಿದರು.

"ಅಮ್ಮಾರು ಹಚ್ಚಿದ್ದು ತಪ್ಪಲ್ಲರಿ. ಚೀಟಿ ಮ್ಯಾಲಿನ ನಂಬರ್ ಓದದೇ, ಕುಂಕುಮ ನೋಡಿ ಡಿಸ್ಕ್ ಹಾಕಿದ್ದು ನಂದೇ ತಪ್ಪು."

"ಕುಂ‌ದ್ರು. ಉಣ್ಣು ಮೊದ್ಲು" ಎಂದರು ಬಸಣ್ಣ. ಬೈಯಲಿಲ್ಲ. ಕೈ ತೊಳೆಯುವಾಗ ಮೆಲ್ಲಗೆ ಹೇಳಿದರು: "ಸಂಕ್ರಾಂತಿತನ ನೋಡ್ತೀನಿ. ಆಗಲಿಲ್ಲಂದ್ರ ಮಾಸ್ತರಗ ಬ್ಯಾರೆ ಪ್ರೆಸ್ ನೋಡ್ಕೊಳ್ರಿ ಅಂತೀನಿ. ಮಷಿನ್ ಕೊಟ್ಟಬಿಡ್ತೀನಿ." ಹತ್ತು ದಿನವೂ ಇರಲಿಲ್ಲ.

ಮರುದಿನ ಡಿಸ್ಕನ್ನು ಟೈಪಿನ ಕಂಪ್ಯೂಟರಿಗೆ ಜೋಡಿಸಿ ಒಳಗಡೆ ಇಣುಕಿದೆ. ಡಿಸ್ಕ್ ಎಂದರೆ ಸಾಲಾಗಿ ಮೂರು ಕೋಣೆಯ ಮನೆ ಎಂದುಕೊಳ್ಳಿ. ನಾನು ಗುಡಿಸಿ ಹಾಕಿದ್ದು ಬಾಗಿಲು ಮತ್ತು ಮುಂದಿನ ಕೋಣೆ. ಡಬ್ಬಿಯನ್ನು ಎಬ್ಬಿಸುವ ಸಾಫ್ಟ್‌ವೇರು ಇದ್ದದ್ದು ಅಲ್ಲಿ. ಅಕ್ಷರ, ಬಣ್ಣದ ಹದ, ಕೆಲಸಗಳು ಇದ್ದ ಒಳಕೋಣೆಗಳು ಹಾಗೆಯೇ ಇದ್ದವು. ಇದೇ ಮಾದರಿಯ ಇನ್ನೊಂದು ಮಷಿನ್ ಎಲ್ಲಾದರೂ ಇದ್ದರೆ ಅದರ ಮುಂದಿನ ಕೋಣೆಯನ್ನು ತಂದು ಇಲ್ಲಿ ಕೂಡಿಸಬಹುದು. ಲೈಸೆನ್ಸಿನ ಕೀಲಿ ಡಬ್ಬಿಯ ಬೆನ್ನಿಗೆ ಸಿಕ್ಕಿಸಿದ ಬೇರೆಯೇ ಒಂದು ಪ್ಲಗ್ಗಿನಲ್ಲಿತ್ತು, ನಮ್ಮದು ನಮ್ಮಲ್ಲೇ ಭದ್ರವಾಗಿತ್ತು.

"ಅದರ ತಂಗಿ ಮಾನ್ವಿಯಾಗ ಅದ" ಎಂದರು ಖಾಜಾ ಚಾಚಾ. ಎರಡೂ ಮಷಿನ್ ಒಂದೇ ಲಾರಿಯಲ್ಲಿ ಬಂದವಂತೆ. ಒಂದನ್ನು ಇಲ್ಲಿ ಇಳಿಸಿ ಇನ್ನೊಂದನ್ನು ಮಾನ್ವಿಯ ಮಹಾದೇವಪ್ಪನವರ ಪ್ರೆಸ್ಸಿಗೆ ಒಯ್ದರಂತೆ. ಆದರೆ ಬಸಣ್ಣ ಮತ್ತು ಮಹಾದೇವಪ್ಪ ಒಂದು ಟೆಂಡರಿನ ಜಗಳದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ನಾನು ಬಸಣ್ಣನವರ ಮುಂದೆ ಮಾನ್ವಿ ಎಂದೆ, ಅವರು ಗೋಡೆಯ ಕ್ಯಾಲೆಂಡರು ನೋಡಿದರು. ಇದನ್ನೇ ಒಪ್ಪಿಗೆ ಎಂದುಕೊಂಡು ಡಾಕು, ಎರಡು ಡಿಸ್ಕು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಆ ವರ್ಷ ಕಾಲುವೆಯ ನೀರು ಕೊನೆಯವರೆಗೆ ಬಂದಿತ್ತು. ನೀರಮಾನ್ವಿ ದಾಟುತ್ತಲೇ ಅಲ್ಲಲ್ಲಿ ಗದ್ದೆಗಳಲ್ಲಿ ಹೆಂಗಸರು ಸೊಂಟ ಬಗ್ಗಿಸಿ ನಾಟಿ ಹಚ್ಚುತ್ತಿದ್ದರು. ಚೀಲವನ್ನು ತೊಡೆಯ ಮೇಲೆ ಹಸುಗೂಸಿನಂತೆ ಇಟ್ಟುಕೊಂಡಿದ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಮಹಾದೇವಪ್ಪನವರ ಮೀಸೆ ಕಂಡೊಡನೆ ಮರೆತುಹೋದವು.

"ಬಸಣ್ಣ ಕಳಿಸ್ಯಾನೇನು?" ಎಂದರು.

"ಹೋಗಂತ ಹೇಳಿಲ್ರಿ ಸಾವ್ಕಾರ್ರ. ಹೋಗಬ್ಯಾಡ ಅಂತನೂ ಹೇಳಿಲ್ಲ."

ವಿಷಯ ಕೇಳಿ ಅವರು ತಲೆ ಅಲ್ಲಾಡಿಸಿದರು. "ನಮ್ಮ ಡಿಸ್ಕಿನಾಗಿಂದು ನಿಮಗ ಕೊಟ್ರ ನಮಗೇನು ಉಳೀತದ?"

"ಎಲ್ಲಾ ಉಳೀತದರಿ. ನಾ ಏನೂ ತಗೊಳ್ಳೂದಿಲ್ಲ. ನಿಮ್ದು ನೋಡಿ ಬರಕೊಂಡಂಗ."

"ಅಂದ್ರ ಹೆಂಗ?"

ಎಷ್ಟು ಹೇಳಿದರೂ ಅವರಿಗೆ ಅರ್ಥವಾಗಲಿಲ್ಲ. ನನಗೆ ಹೇಳಲು ಬರಲಿಲ್ಲ ಎನ್ನುವುದೇ ಸರಿ. ಪ್ರೆಸ್ಸಿಗೆ ಹತ್ತಿಕೊಂಡೇ ಅವರ ಮನೆ. ಹಿರೇಕೊಟ್ನೆಕಲ್ಲಿನ ಮಗಳು ಈರಮ್ಮ, ಮಹಾದೇವಪ್ಪನವರ ಹೆಂಡತಿ, ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು.

"ಹೆಪ್ಪು ಇದ್ದಂಗೇನವ್ವಾ?" ಎಂದರು ನನಗೆ.

"ಹೌದ್ರೀ ಯವ್ವಾ" ಎಂದೆ. "ಹೆಪ್ಪೇ."

"ಮತ್ತ್ ಅದನ್ನ ಹೇಳಬೇಕಿಲ್ಲೋ" ಎಂದು ಗಂಡನ ಕಡೆ ತಿರುಗಿದರು. "ಹೆಪ್ಪು ಕೊಟ್ರ ನಮ್ಮ ಗಡಿಗ್ಯಾಗಿನ ಮೊಸರು ಕಡಿಮಿ ಆಗ್ತದೇನ್ರೀ? ಹಾಲು ಅವರ ಮನ್ಯಾಗ ಅದ. ಒಂದೀಟು ಹೆಪ್ಪು ಕೇಳಾಕ ಬಂದಾಳ. ಬಾಗಿಲಿಗೆ ಬಂದಾಕಿಗೆ ಹೆಪ್ಪು ಇಲ್ಲ ಅಂದ್ರ ನಮ್ಮ ಹೈನ ಉಳೀತದೇನು?"

ಮಹಾದೇವಪ್ಪ ಮೀಸೆ ತಿರುವಿದರು. "ಇದಕ್ಕ ಮೊದ್ಲ ಈ ಕೆಲಸ ಮಾಡೀಯೇನು ನೀನು?"

"ಮಷಿನಿನ ಡಿಸ್ಕ್ ಒಮ್ಮೆ ಮಾಡೀನ್ರಿ."

"ಏನಾತು?"

"ಅಳಿಸಿಹೋತು. ಅದಕ್ಕೇ ಇಲ್ಲಿ ಬಂದೀನಿ."

ಈರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಹಾದೇವಪ್ಪನವರಿಗೂ ತಡೆಯಲಾಗಲಿಲ್ಲ. ಆ ನಗೆಯ ನಡುವೆ ನಾನು ಹೇಳಬೇಕಾದದ್ದು ಹೇಳಿದೆ: ಮೊದಲ ಕ್ಲೋನ್ ನಿಮಗೇ, ನಿಮ್ಮ ಡಿಸ್ಕಿಗೂ ಅಷ್ಟೇ ವಯಸ್ಸಾಗಿದೆ, ಅದು ಹೋದ ದಿನ ನಿಮಗೂ ಸಿಡಿ ಸಿಗುವುದಿಲ್ಲ. ಎರಡನೆಯದು ನನಗೆ. ಗುಂಡಿ ನಾನು ಒತ್ತುವುದಿಲ್ಲ, ನೀವೇ ಒತ್ತಿರಿ. ಮಹಾದೇವಪ್ಪ ಕನ್ನಡಕ ಹಾಕಿಕೊಂಡರು. ಡಿಸ್ಕಿನ ಚೀಟಿಯ ಕೊನೆಯ ನಾಲ್ಕು ಅಂಕಿ ಅವರು ಗಟ್ಟಿಯಾಗಿ ಓದಿದರು, ನಾನು ಕಾಗದದ ಮೇಲೆ ಬರೆದು ತಿರುಗಿ ಓದಿ ಹೇಳಿದೆ. ಎ ಖಾನೆ, ಬಿ ಖಾನೆ, ಮೂರು ಸಲ. ಆಮೇಲೆ ಅವರು ಕಣ್ಣು ಮುಚ್ಚಿ ಗುಂಡಿ ಒತ್ತಿದರು.

"ಹೊತ್ತು ಮುಣಗೂದ್ರೊಳಗ ಮುಗಿಸ್ರಿ" ಎಂದರು ಈರಮ್ಮ. "ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಹಾಕಬಾರದು." ತಮಾಷೆಯಲ್ಲ, ಖರೇ ಹೇಳುತ್ತಿದ್ದರು. ಒಂದೊಂದು ಕ್ಲೋನಿಗೆ ಎರಡು ತಾಸು ಹಿಡಿಯಿತು. ಮೊದಲನೆಯದನ್ನು ಅವರ ಡಬ್ಬಿಯಲ್ಲಿ ಹಾಕಿ ಮಷಿನ್ ಎದ್ದದ್ದನ್ನು ತೋರಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಎರಡನೆಯದರ ದೀಪ ಹಸಿರಾದಾಗ ಈರಮ್ಮ ಬೆಂಕಿಪೊಟ್ಟಣ ಹಿಡಿದು ದೇವರ ಮುಂದೆ ಕಾಯುತ್ತಿದ್ದರು. ಡಿಸ್ಕ್ ನನ್ನ ಚೀಲ ಸೇರಿದ ಮೇಲೆಯೇ ಕಡ್ಡಿ ಗೀರಿದರು.

ಮರುದಿನ ರಾಯಚೂರಿನಲ್ಲಿ ಆ ಡಿಸ್ಕನ್ನು ನಮ್ಮ ಡಬ್ಬಿಗೆ ಹಾಕಿದೆ. ಬಸಣ್ಣ ಹಿಂದೆ ನಿಂತಿದ್ದರು, ಖಾಜಾ ಚಾಚಾ ಏನೋ ಗೊಣಗುತ್ತ ಪ್ರಾರ್ಥಿಸುತ್ತಿದ್ದರು. ಅಮರಮ್ಮನನ್ನು ಕುಂಕುಮದ ತಟ್ಟೆ ಸಮೇತ ದೂರ ಕೂರಿಸಲಾಗಿತ್ತು. ಪರದೆ ಕಪ್ಪಾಯಿತು, ನೀಲಿಯಾಯಿತು. ಐದೇ ನಿಮಿಷ. ಬಂಡಿಯಷ್ಟು ಉದ್ದದ ಮಷಿನ್ ಒಳಗೇ ಗುರುಗುಟ್ಟಿ, ಉರುಳೆಗಳನ್ನು ತಿರುಗಿಸಿ, ಒಂದು ಹಾಳೆಯನ್ನು ಹೊರಗೆ ತಳ್ಳಿತು. ಚಾಲೂ ಆದಾಗ ಹೊಡೆಯುವ ಪರೀಕ್ಷೆಯ ಹಾಳೆ ಅದು. ನೆತ್ತಿಯ ಮೇಲೆ ಮಾನ್ವಿಯ ಮಹಾದೇವಪ್ಪನವರ ಪ್ರೆಸ್ಸಿನ ಹೆಸರು.

ಬಸಣ್ಣ ಹಾಳೆಯನ್ನು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಫೋನು ತೆಗೆದು, ವರ್ಷಗಳ ಮೇಲೆ ಆ ನಂಬರು ಒತ್ತಿದರು. "ಲೇ ಮಾದೇವಾ, ನನ್ನ ಹಾಳಿ ಮ್ಯಾಲ ನಿನ್ನ ಹೆಸರು ಬಂದದಲ್ಲೋ" ಎಂದರು. ಆ ಕಡೆಯಿಂದ ಏನು ಬಂತೋ, ಇಬ್ಬರೂ ನಗುತ್ತ ಹೊರಗಡೆ ಹೋಗಿ ಮಾತಾಡಿದರು.

ಹೆಪ್ಪು ಹಾಕಿದರೆ ಸಾಲದು, ಹಾಲು ನಮ್ಮದು ಬೇಕಲ್ಲ. ಟಿಕ್ ಎನ್ನುವ ಹಳೆಯ ಡಿಸ್ಕಿನ ಒಳಕೋಣೆಗಳಿಂದ ಒಂದೊಂದೇ ಸಾಮಾನು ಹೊರಗೆ ತಂದೆ. ಎರಡು ದಿನ ಹಿಡಿಯಿತು. ಸ್ವಲ್ಪ ಓದುವುದು, ನಿಲ್ಲುವುದು, ತಣ್ಣಗಾಗಲು ಬಿಡುವುದು, ಮತ್ತೆ ಓದುವುದು. ಕಾಯಿಲೆಯವರಿಗೆ ಗಂಜಿ ಕುಡಿಸಿದ ಹಾಗೆ. ಕೆಲವು ಹಳೆಯ ಲಗ್ನಪತ್ರಿಕೆಗಳು ಬರಲಿಲ್ಲ; ಆ ಲಗ್ನಗಳಂತೂ ಆಗಿಹೋಗಿದ್ದವು. ಅಕ್ಷರಗಳು ಬಂದವು, ಬಣ್ಣದ ಹದ ಬಂತು, ಮಾಸ್ತರುಗಳ ಪುಸ್ತಕವೂ ಬಂತು. ಮೂರನೆಯ ದಿನ ವಿಜ್ಞಾನದ ಪುಟದಲ್ಲಿ ಹೃದಯದ ಚಿತ್ರ ಸರಿಯಾದ ಕೆಂಪಿನಲ್ಲಿ, ಒತ್ತಕ್ಷರಗಳು ಸರಿಯಾದ ಜಾಗದಲ್ಲಿ, ಸಾಲಾಗಿ ಹೊರಬೀಳತೊಡಗಿದವು. ಹಳೆಯ ಡಿಸ್ಕ್ ಆ ಸಂಜೆ ಕೊನೆಯ ಸಲ ಟಿಕ್ ಎಂದು ನಿಂತಿತು. ಮತ್ತೆ ತಿರುಗಲಿಲ್ಲ.

ಪುಸ್ತಕಗಳ ಕೊನೆಯ ಕಟ್ಟನ್ನು ಸಂಕ್ರಾಂತಿಯ ಹಿಂದಿನ ದಿನ ನಾನೇ ದೇವದುರ್ಗದ ಬಸ್ಸಿನಲ್ಲಿ ಒಯ್ದೆ. ದಾರಿಯಲ್ಲಿ ಮನೆಗೆ ಹೋದೆ. ಅವ್ವ ಹತ್ತಿ ಹೊಲದಿಂದ ಆಗಷ್ಟೇ ಬಂದಿದ್ದಳು, ತಲೆಯ ಮೇಲೆಲ್ಲ ಎಳೆಗಳು. ಒಂದು ಪುಸ್ತಕ ತೆಗೆದು ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಕೈ ಸೆರಗಿಗೆ ಒರೆಸಿಕೊಂಡು ಪುಟ ತಿರುವಿದಳು.

"ಇದು ನಿನ್ನ ಮಷಿನಿಂದೇನು?"

"ಹೌದವ್ವಾ. ನಂದೇ" ಎಂದೆ. ಮಷಿನ್ ಬಸಣ್ಣನವರದು ಎಂದು ತಿದ್ದಲು ಮನಸ್ಸಾಗಲಿಲ್ಲ.

ಹಬ್ಬ ಕಳೆದ ಒಂದು ವಾರಕ್ಕೆ ದೇವದುರ್ಗದಲ್ಲಿ ಪ್ರೆಸ್ಸಿಟ್ಟವರೊಬ್ಬರು ರಾಯಚೂರಿಗೆ ಬಂದರು. ಮಾನ್ವಿಯ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅವರ ಮಷಿನ್ ಬೇರೆ ಮಾದರಿಯದು, ಡಬ್ಬಿಯ ಕತೆ ಒಂದೇ. ಬಸಣ್ಣನವರ ಎದುರು ಕೂತು ನನ್ನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. ನಾನು ನಾಲ್ಕು ಹೆಜ್ಜೆ ಆಚೆ ಹಾಳೆ ಜೋಡಿಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಅಲ್ರೀ, ಇದ್ದದ್ದೊಂದೇ ಡಿಸ್ಕು. ಈಕಿ ಕೈಯಾಗ ಕೊಡಬಹುದೇನು?"

"ಈಕೀನೇ ನಮ್ಮ ಡಿಸ್ಕ್ ಅಳಿಸಿದಾಕಿ" ಎಂದರು ಬಸಣ್ಣ.

ಬಂದವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು.

"ಡಿಸ್ಕ್ ಮೊದ್ಲೇ ಕೆಟ್ಟಿತ್ತು, ಅದರ ಮ್ಯಾಲ ಹಾಕಬಹುದಿತ್ತು. ನಮ್ಮವ್ವ ಕುಂಕುಮ ಹಚ್ಚಿದ್ಲು, ಆಕಿ ಮ್ಯಾಲ ಹಾಕಬಹುದಿತ್ತು. ನಾ ಹೊಲದಾಗ ಉಣ್ಣಾಕತ್ತಿದ್ದೆ, ಅಲ್ಲಿತನ ಬಂದು ನಾನೇ ಅಳಿಸೀನಿ ಅಂದ್ಲು. ನಲವತ್ತು ವರ್ಷದಾಗ ಈ ಪ್ರೆಸ್ಸಿನಾಗ ಏನೇನೋ ಕೆಟ್ಟಾವು. ಎಲ್ಲಾ ತಾವಾಗೇ ಕೆಟ್ಟಾವು, ಯಾರೂ ಕೆಡಿಸಿಲ್ಲ. ಕೆಡಿಸೀನಿ ಅಂದಾಕಿ ಈಕಿ ಒಬ್ಬಾಕಿ. ನಿಮ್ಮ ಡಿಸ್ಕ್ ಇನ್ಯಾರ ಕೈಯಾಗ ಕೊಡ್ತೀರಿ?"

ಹಾಳೆಗಳು ನನ್ನ ಕೈಯಲ್ಲಿ ಓರೆಯಾದವು. ತಟ್ಟಿ ಸರಿಮಾಡಿದೆ, ಮತ್ತೆ ಓರೆಯಾದವು. ಹೆಮ್ಮೆಯಾಯಿತು, ಅದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ಕಾಣುವುದಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ಮೊದಲು ಆಗಿರಲಿಲ್ಲ.

ಆ ತಿಂಗಳೇ ದೇವದುರ್ಗಕ್ಕೆ ಹೋದೆ. ಆಮೇಲೆ ಸಿಂಧನೂರಿನಿಂದ ಕರೆದರು, ಲಿಂಗಸೂಗೂರಿನಿಂದ ಕರೆದರು. ಈಗ ನಮ್ಮ ಸೀಮೆಯ ಪ್ರೆಸ್ಸಿನವರು ಒಬ್ಬರ ಕ್ಲೋನನ್ನು ಇನ್ನೊಬ್ಬರ ಕಪಾಟಿನಲ್ಲಿ ಇಡುತ್ತಾರೆ. ಎಲ್ಲೇ ಹೋದರೂ ಸ್ಕ್ರೂಡ್ರೈವರ್ ಹೊರಗೆ ತೆಗೆಯುವ ಮೊದಲು ನಾನು ಒಂದು ಮಾತು ಹೇಳುತ್ತೇನೆ, "ನಾ ಮೊದ್ಲ ಮುಟ್ಟಿದ ಮಷಿನಿನ ಡಿಸ್ಕ್ ಅಳಿಸೀನಿ" ಎಂದು. ಹೇಗೆ ಅಳಿಸಿದೆ ಎಂಬುದನ್ನೂ ಪೂರ್ತಿ ಹೇಳುತ್ತೇನೆ. ಕೇಳಿದ ಮೇಲೆ ಯಾರೊಬ್ಬರೂ ತಮ್ಮ ಡಿಸ್ಕನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡಿಲ್ಲ.